ಶೆಟ್ಟರ ಅಂಗಡಿಯ ಹೊಸ ಸ್ಟೌ

ಸ್ಟೌವಿನ ತೂತು ಕಟ್ಟಿಕೊಂಡರೆ ಚುಚ್ಚುವ ಆ ಸಣ್ಣ ತಂತಿ, ಅದಕ್ಕೆ ಏನೋ ಅಂತಿದ್ದರು... ಹಾಂ, ಪಿನ್ನು. ಹೇಳ್ತೀನಿ, ಬರೆದುಕೊಳ್ಳೇ ಪುಟ್ಟೀ.

ಚಿಂತಾಮಣಿಯ ಅಶ್ವತ್ಥ ಶೆಟ್ಟರ ಅಂಗಡಿಗೆ ಹೊಸ ಬಗೆಯ ಸ್ಟೌ ಬಂದಿತ್ತು. ಸೀಮೆಎಣ್ಣೆ ಅರ್ಧ ಸಾಕು, ಸದ್ದೂ ಇಲ್ಲ. ಆದರೂ ಒಂದೂ ಮಾರಾಟವಾಗಲಿಲ್ಲ.

“ನಿನಗೆ ಬಾಯಿಲ್ಲ ಕಣಯ್ಯ. ಸಂಜೆಯೊಳಗೆ ಒಂದಾದರೂ ಹೋಗದಿದ್ದರೆ ನಾಳೆಯಿಂದ ಬರಬೇಡ” ಎಂದು ಶೆಟ್ಟರು ಗುಮಾಸ್ತನ ಮೇಲೆ ಗುಡುಗಿದರು.

ಗುಮಾಸ್ತನ ಮನೆಯಲ್ಲಿ ಹೆಂಡತಿ ಹಸಿ ಬಾಣಂತಿ. ಅವನು ಒಂದು ಸ್ಟೌ ಹೊತ್ತು ನೇರವಾಗಿ ಶೆಟ್ಟರ ಮನೆಗೇ ಹೋದ.

“ಅಮ್ಮಾವ್ರೇ, ಹಳೇದು ಕೊಟ್ಟು ಇದನ್ನಿಟ್ಟುಕೊಳ್ಳಿ. ತುಂಬಾ ಒಳ್ಳೇದು.”

“ಕಟ್ಟಿಕೊಂಡರೆ ನಮ್ಮ ಪಿನ್ನು ಹಿಡಿಯುತ್ತಾ?” ಶೆಟ್ಟರ ಹೆಂಡತಿ ಕೇಳಿದರು.

“ಇಲ್ಲಮ್ಮಾ, ಇದರದು ಮದ್ರಾಸಿಂದ ಬರಬೇಕು.”

“ಬರೋವರೆಗೂ ನಿಮ್ಮ ಯಜಮಾನರು ಹಸಿ ಅಕ್ಕಿ ತಿಂತಾರಾ? ನನ್ನ ಸ್ಟೌಗಾದರೆ ಪಕ್ಕದ ಮನೇಲೂ ಪಿನ್ನು ಸಿಗುತ್ತೆ. ನಡಿ, ಅವರನ್ನೇ ಕೇಳ್ತೀನಿ!”

ಆಕೆ ಅಂಗಡಿಗೇ ಬಂದು, ಗಿರಾಕಿಗಳ ಮುಂದೆ ಅದನ್ನೇ ಕೇಳಿದರು. ಶೆಟ್ಟರು ಗುಮಾಸ್ತನತ್ತ ತಿರುಗಿದರು.

ಗುಮಾಸ್ತ ಸ್ಟೌ ಕೆಳಗಿಟ್ಟು ಅಂದ: “ನಿಮ್ಮ ಮನೆಗೇ ಮಾರೋಕಾಗಲಿಲ್ಲ, ಯಜಮಾನರೇ. ಊರಿಗೆ ಹೇಗೆ ಮಾರಲಿ?”

ಶೆಟ್ಟರು ಹೆಂಡತಿಯನ್ನು ನೋಡಿದರು, ಸ್ಟೌ ನೋಡಿದರು. “ನಾಳೆ ಬೇಗ ಬಾರಯ್ಯ. ಮೊದಲು ಮದ್ರಾಸಿಂದ ಪಿನ್ನು ತರಿಸಿ ಬೀದಿಬೀದಿಯ ಅಂಗಡಿಗೂ ಹಂಚಬೇಕು” ಅಂದರು.

ಅವನ ಹೆಸರು ಮಾತ್ರ ನನಗೆ ನೆನಪಿಗೆ ಬರಲಿಲ್ಲ. ಶೆಟ್ಟರ ಗುಮಾಸ್ತ ಅಂತಲೇ ಬರೆದುಕೊಳ್ಳೇ, ಪುಟ್ಟೀ.