ಗವರ್ನರನ ಮೂರು ಒಗಟು

"ಕೇಳಿರಿ ಮಹಾಜನಗಳೇ! ಗವರ್ನರ್ ಪ್ರೂಯಿಟ್ ಸಾಹೇಬರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನು ಬೇಡಿದ್ದನ್ನು ಕೊಡುತ್ತಾರೆ. ತಪ್ಪಿದವನ ಮೈಗೆ ಟಾರು, ಟಾರಿನ ಮೇಲೆ ಕೋಳಿಗರಿ!"

ನಮ್ಮಲ್ಲಿ ರಾಜರೇ ಇಲ್ಲವೆಂದು ಅಮೆರಿಕದ ಜನ ಬೀಗುತ್ತಿದ್ದ ಕಾಲದಲ್ಲಿ, ಅಲ್ಲಿನ ಒಂದು ನದೀತೀರದ ಊರಲ್ಲಿ ಹೀಗೆ ಡಂಗುರ ಹೊಡೆಸಿದರು. ಗುಂಪಿನಲ್ಲಿ ನಿಂತಿದ್ದ ಮರ ಕಡಿಯುವ ಸೈಲಸನಿಗೆ ಬೇಕಾಗಿದ್ದು ಒಂದೇ, ಅಣ್ಣ ಅಮೋಸನ ಜೀವ. ಕಳೆದ ಚುನಾವಣೆಯಲ್ಲಿ ಅಮೋಸ್ ಬಾಯಿಬಿಟ್ಟು ಏನೋ ಕೇಳಿದ್ದ. ವಾರ ಕಳೆಯುವುದರೊಳಗೆ ಯಾರದೋ ಕುದುರೆ ಅವನ ಕೊಟ್ಟಿಗೆಯಲ್ಲಿ ಸಿಕ್ಕಿತು. ಕುದುರೆ ಕದ್ದವನಿಗೆ ಅಲ್ಲಿ ಮರಣದಂಡನೆ; ಶನಿವಾರ ಗಲ್ಲು.

ಗವರ್ನರ್ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅಗಿದ ಹೊಗೆಸೊಪ್ಪನ್ನು ಪೀಕದಾನಿಗೆ ಉಗಿದ. ಅರ್ಧ ಅಂಗಿಯ ಮೇಲೇ ಬಿತ್ತು. ಪಕ್ಕದಲ್ಲಿದ್ದವನು ಓಡಿಬಂದು ತನ್ನ ಕರವಸ್ತ್ರದಿಂದ ಒರೆಸಿ, ಅದನ್ನು ಮಡಿಸಿ ಎದೆಯ ಜೇಬಿಗೆ ಇಟ್ಟುಕೊಂಡ.

"ನಾನು ಹುಟ್ಟಿದ ಮನೆ ನನಗಿಂತ ನಲವತ್ತು ವರ್ಷ ಚಿಕ್ಕದು. ಯಾವುದದು?" ಎಂದು ಗವರ್ನರ್ ಕೇಳಿದ.

ವಕೀಲ ಹಾರ್ಕರ್ ಮುಂದೆ ಬಂದು ನಡು ಬಗ್ಗಿಸಿದ. "ಈ ರಾಜ್ಯವೇ, ಪ್ರಭುಗಳೇ! ತಾವೇ ಕಟ್ಟಿದ್ದಲ್ಲವೇ?"

"ತಪ್ಪು."

ಪತ್ರಿಕೆಯ ಸಂಪಾದಕ ಕಣ್ಣೊರೆಸಿಕೊಂಡು, "ಜನರ ಹೃದಯ!" ಎಂದ. ಅದೂ ತಪ್ಪು. ಇಬ್ಬರಿಗೂ ಟಾರು ಬಳಿದು ಗರಿ ಮೆತ್ತಿದರು. ಜನ ಕೇಕೆ ಹಾಕಿದರು.

"ಅಯ್ಯೋ, ನಿಮಗೂ ಗೊತ್ತಾಗಲಿಲ್ಲವೇ?" ಎಂದು ಸೈಲಸ್ ವಕೀಲನನ್ನು ಕೇಳಿದ.

ವಕೀಲ ಗರಿಗಳ ನಡುವೆ ಕಣ್ಣು ಮಿಟುಕಿಸಿದ. "ಗೊತ್ತಿಲ್ಲದೆ ಏನೋ ಪೆದ್ದೇ? ಊರಿಗೆಲ್ಲ ಗೊತ್ತು. ಮುಟ್ಟಿ ನೋಡು, ತಣ್ಣಗಿನ ಟಾರು. ಸಾಹೇಬರನ್ನು ಮೆಚ್ಚಿಸಿದ್ದಕ್ಕೆ ನಾಳೆ ಅಂಚೆ ಕಚೇರಿಯ ಹುದ್ದೆ ನನ್ನ ಕೈಗೆ."

ಸೈಲಸ್ ಜಗಲಿಯ ಮುಂದೆ ಹೋಗಿ ನಿಂತ. ಗವರ್ನರ್ ಬೆರಳಾಡಿಸಿದ. ಟಾರಿನ ಕೊಪ್ಪರಿಗೆಯ ಕೆಳಗೆ ಕಟ್ಟಿಗೆ ತುರುಕಿದರು. ಟಾರು ಕೊತಕೊತ ಕುದಿಯತೊಡಗಿತು.

"ಹೇಳೋ ಹುಡುಗ."

"ಚುನಾವಣೆ ಬಂದಾಗ ಗಾಡಿಯ ಮೇಲೆ ಮೆರೆಸುತ್ತೀರಲ್ಲ, ಆ ಮರದ ಗುಡಿಸಲು. ಬಡವನಾಗಿ ಅಲ್ಲಿ ಹುಟ್ಟಿದೆ ಅಂತೀರಿ. ಅದರ ದಿಮ್ಮಿ ಕಡಿದದ್ದು ನಮ್ಮಪ್ಪ. ನೀವು ಹುಟ್ಟಿದ್ದು ಗುಡ್ಡದ ಮೇಲಿನ ಕಲ್ಲಿನ ಬಂಗಲೆಯಲ್ಲಿ."

ಗವರ್ನರ್ ಕಣ್ಣು ಕಿರಿದು ಮಾಡಿದ.

"ಇದನ್ನು ಹೇಳು. ನಾನು ಕರೆದಾಗಲೆಲ್ಲ ಎದ್ದು ಬರುತ್ತಾರೆ. ನಡೆದ ದಾರಿಯಲ್ಲಿ ಹುಲ್ಲೂ ಬಾಗುವುದಿಲ್ಲ. ಉಣ್ಣಲು ಕೇಳುವುದಿಲ್ಲ, ಎದುರಾಡುವುದಿಲ್ಲ. ಯಾರವರು?"

ಕಳೆದ ಚುನಾವಣೆಯಲ್ಲಿ ಸೈಲಸನ ಅಣ್ಣ ಬಾಯಿಬಿಟ್ಟು ಕೇಳಿದ್ದು ಇದನ್ನೇ. ಗುಂಪಿನಲ್ಲಿದ್ದ ನೆಂಟರೊಬ್ಬರು, "ಗೊತ್ತಿಲ್ಲ ಅನ್ನೋ, ಬದುಕಿಕೋ!" ಎಂದರು.

"ಸತ್ತವರು," ಎಂದ ಸೈಲಸ್. "ಗೋರಿಯೊಳಗಿನವರು ನಿಮಗೆ ಓಟು ಹಾಕುತ್ತಾರೆ. ನಮ್ಮಪ್ಪನೂ ಹಾಕುತ್ತಾನೆ. ಅವನು ಹೇಗೆ ಬಂದ ಅಂತ ಕೇಳಿದ್ದಕ್ಕೇ ನಮ್ಮಣ್ಣ ಜೈಲಿನಲ್ಲಿರೋದು."

ಗವರ್ನರ್ ಮತ್ತೆ ಉಗಿದ. ಈ ಸಲ ಒರೆಸಲು ಯಾರೂ ಬರಲಿಲ್ಲ.

"ಕೊನೆಯದು. ಊರೂರಿಗೂ ಹಂಚಿದೆ, ಒಂದು ಮನೆಗೂ ಮುಟ್ಟಲಿಲ್ಲ. ಮತ್ತೆ ಹೋದರೆ ಅದಕ್ಕೇ ಕೈಚಾಚುತ್ತಾರೆ. ಏನದು?"

"ನಿಮ್ಮ ಆಶ್ವಾಸನೆ, ಸಾಹೇಬರೇ. ಇವತ್ತು ಡಂಗುರ ಹೊಡೆಸಿದ್ದೂ ಸೇರಿ."

"ತಪ್ಪು ಅಂದರೆ?"

"ತಪ್ಪಾದರೆ ನೀವು ಮಾತಿಗೆ ತಪ್ಪದವರಾದಿರಿ, ನಮ್ಮಣ್ಣನನ್ನು ಈಗಲೇ ಬಿಟ್ಟು ತೋರಿಸಿ. ಬಿಡದಿದ್ದರೆ ನನ್ನ ಉತ್ತರ ಸರಿಯಾಯಿತು. ಸರಿಯಾದರೂ ಡಂಗುರದ ಮಾತಿನಂತೆ ಬಿಡಬೇಕು."

ಕೊಪ್ಪರಿಗೆಯಲ್ಲಿ ಗುಳ್ಳೆಯೊಡೆಯುವ ಸದ್ದು ಕೇಳುತ್ತಿತ್ತು. ಗವರ್ನರ್ ಹುಡುಗನನ್ನು ನೋಡಿದ. ಆಮೇಲೆ ಜನರನ್ನು ನೋಡಿದ, ಸಂತೆಯಲ್ಲಿ ದನ ನೋಡುವ ಹಾಗೆ. ಕಟ್ಟಕಡೆಗೆ ಎದ್ದು ನಿಂತು ಎರಡೂ ತೋಳು ಚಾಚಿದ.

"ನೋಡಿದಿರಾ, ಬಂಧುಗಳೇ! ಈ ಪ್ರೂಯಿಟ್ ಎಂದಾದರೂ ಮಾತಿಗೆ ತಪ್ಪಿದ್ದುಂಟೇ? ಅಮೋಸನನ್ನು ಬಿಡಿ!"

ಟೋಪಿಗಳು ಆಕಾಶಕ್ಕೆ ಹಾರಿದವು. ಸತ್ತವರ ಓಟಿನ ಮಾತು ಕೇಳಿ ತುಟಿ ಹೊಲಿದುಕೊಂಡಿದ್ದವರೇ ಈಗ ಗಂಟಲು ಹರಿಯುವಂತೆ ಜೈಕಾರ ಕೂಗಿದರು. ಗರಿ ಮೆತ್ತಿದ ವಕೀಲ ಎಲ್ಲರಿಗಿಂತ ಮುಂದೆ ಕುಣಿಯುತ್ತಿದ್ದ.

ಅಮೋಸ್ ಕೈಯ ಕೋಳದ ಗುರುತು ಉಜ್ಜಿಕೊಳ್ಳುತ್ತ ಹೊರಬಂದ. ಗವರ್ನರ್ ಸೈಲಸನ ಕೈ ಕುಲುಕಿ, "ನಿನ್ನಂಥವನು ನಮ್ಮ ಪಕ್ಷಕ್ಕೆ ಬೇಕು ಕಣಯ್ಯಾ," ಎಂದ. ಸೈಲಸ್ ಅಣ್ಣನನ್ನು ಕರೆದುಕೊಂಡು ನೇರ ನದಿಗೆ ಹೋದ. ಮರಳು ಹಾಕಿ ಕೈ ತಿಕ್ಕಿದ, ಚರ್ಮ ಕೆಂಪಾಗುವ ತನಕ.

"ಇನ್ನು ಈ ಊರು ಬೇಡ," ಎಂದ ಅಮೋಸ್.

ಅಣ್ಣತಮ್ಮಂದಿರು ದೋಣಿ ಹತ್ತಿ ಆಚೆ ರಾಜ್ಯಕ್ಕೆ ಹೋಗಿ ಸುಖವಾಗಿ ಬಾಳಿದರು. ಮಾತಿಗೆ ತಪ್ಪದ ಪ್ರೂಯಿಟ್ ಮರುವರ್ಷ ಹಿಂದೆಂದೂ ಕಾಣದಷ್ಟು ಓಟು ಪಡೆದು ಗೆದ್ದ. ಆ ಅಣ್ಣತಮ್ಮಂದಿರ ಅಪ್ಪನೂ ಅವನಿಗೇ ಹಾಕಿದ್ದ.