ಕಡೆಯ ತಂತಿ, ಮೊದಲ ಕೊಡ

ಸದ್ದಿಗೂ ಮೊದಲು ಇದ್ದವನಿಗೆ, ಸದ್ದು ಅಡಗಿದ ಮೇಲೂ ಉಳಿಯುವವನಿಗೆ ಶರಣು. ಕಲ್ಲಿನಲ್ಲಿ ತಂಪಾಗಿ, ತಂತಿಯಲ್ಲಿ ಮಿಂಚಾಗಿ ಕುಳಿತ ಶಿವನಿಗೆ ಶರಣು. ನಮ್ಮ ಮೋರೆಯನ್ನು ಅವನ ಕಡೆ ತಿರುಗಿಸಿದ ಗುರುಪಾದಕ್ಕೆ ಶರಣು.

ಮಲಪ್ರಭೆಯ ದಂಡೆಯಲ್ಲಿ ಒಂದು ಆಶ್ರಮ. ಅಲ್ಲಿ ಅಡಿವೆಯ್ಯಜ್ಜ ಎಂಬ ಗುರುಗಳಿದ್ದರು. ಹಾದಿಯಲ್ಲಿ ಇರುವೆಯ ಸಾಲು ಕಂಡರೆ ಬಳಸಿಕೊಂಡು ನಡೆಯುವ ಜೀವ.

ಆ ಆಶ್ರಮದಲ್ಲೊಂದು ಪದ್ಧತಿ. ಸಂಜೆಯ ಪ್ರಾರ್ಥನೆ ಮುಗಿದ ಮೇಲೆ ಅಜ್ಜ ತಮ್ಮ ಏಕತಾರಿಯನ್ನು ಒಂದೇ ಒಂದು ಸಲ ಮೀಟುತ್ತಿದ್ದರು. ಅದಕ್ಕೆ ಕಡೆಯ ತಂತಿ ಎಂದು ಹೆಸರು. ಆ ನಾದ ಸಣ್ಣಗಾಗಿ, ಎಳೆಯಾಗಿ, ಇದೆಯೋ ಇಲ್ಲವೋ ಎಂಬಂತಾಗಿ ಮುಗಿಯುವ ತನಕ ಯಾರೂ ಮಿಸುಕುವಂತಿಲ್ಲ.

ಮುಂದಿನ ಸಾಲಿನಲ್ಲಿ ಫಕೀರವ್ವ ಕೂರುತ್ತಿದ್ದಳು. ಕಣ್ಣಿಲ್ಲದ ಮುದುಕಿ. ಎಲ್ಲರ ಕಿವಿಗೂ ನಾದ ಅಡಗಿದ ಮೇಲೂ ಅವಳಿಗೆ ಕೇಳುತ್ತಿತ್ತು. ಕೊನೆಗೆ ಅವಳು "ಸೇರ್ತು" ಎನ್ನುವಳು. ಆಗ ಎಲ್ಲರೂ ನೆಲಕ್ಕೆ ಹಣೆ ಹಚ್ಚುವರು.

ಎಲ್ಲಿಗೆ ಸೇರಿತು ಎಂದು ಯಾರೂ ಕೇಳುತ್ತಿರಲಿಲ್ಲ.

ಆ ಆಶ್ರಮಕ್ಕೆ ಕಲ್ಮೇಶ ಎಂಬ ಶಿಷ್ಯ ಬಂದ. ಹುಬ್ಬಳ್ಳಿಯ ಕಡೆ ಮದುವೆಗಳ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸಿ, ಆ ಗದ್ದಲ ಸಾಕಾಗಿ ಬಂದವನು. ಗಿಟಾರು ಇನ್ನೂ ಹೆಗಲ ಮೇಲೇ ಇತ್ತು.

"ಇದನ್ನ ಹೊಳಿಗೆ ಒಗೀಲೇನ್ರಿ ಅಜ್ಜಾರ?"

"ಯಾಕ? ಮೀನು ಬಾರಸ್ತಾವೇನು?"

ಗಿಟಾರು ಉಳಿಯಿತು. ಕಲ್ಮೇಶನೂ ಉಳಿದ.

ಮೊದಲ ದಿನವೇ ಅಜ್ಜ ಅವನನ್ನು ಪ್ರಾರ್ಥನಾಮಂದಿರದ ಹಿಂದೆ ಕರೆದೊಯ್ದರು. ಗೋಡೆಯ ಬುಡದಲ್ಲಿ ಒಂದು ಚಪ್ಪಟೆ ಕಲ್ಲು. ಕಲ್ಲಿನ ನಡುವೆ ಒಂದು ತೂತು.

"ದಿನಾ ಮುಂಜಾನೆ ಇದಕ್ಕ ಒಂದು ಕೊಡ ನೀರು. ಬ್ಯಾಸಗಿಯೊಳಗ ಮರೀಬ್ಯಾಡ."

"ಇಲ್ಲಿ ಏನೂ ಬೆಳೆದಿಲ್ಲಲ್ರಿ?"

"ಬೆಳಿಯೂದಲ್ಲ ಅದು. ಹಾಕು."

ಕಲ್ಮೇಶ ಒಳಗೊಳಗೇ ನಕ್ಕ. ಗುರು-ಶಿಷ್ಯರ ಕಥೆಗಳನ್ನು ಅವನು ಬಹಳ ಓದಿದ್ದ. ಒಣ ಕೋಲಿಗೆ ನೀರು ಹಾಕಿಸುವ ಗುರುಗಳು, ತೂತು ಕೊಡದಲ್ಲಿ ನೀರು ತರಿಸುವ ಗುರುಗಳು. ಇದು ನನ್ನ ಅಹಂಕಾರ ಮುರಿಯುವ ಪರೀಕ್ಷೆ, ಎಂದುಕೊಂಡ. ಹೊಳೆಯಿಂದ ಕೊಡ ಹೊತ್ತು ತಂದು, ಮುಖ ಗಂಟಿಕ್ಕದೆ, ದಿನವೂ ಹಾಕಿದ.

ಹೀಗೇ ಮಳೆಗಾಲ ಹೋಯಿತು. ಚಳಿಗಾಲವೂ ಹೋಯಿತು.

ಅಜ್ಜನ ಬೆರಳುಗಳು ವಯಸ್ಸಿಗೆ ಸೊಟ್ಟಗಾದವು. ತಂತಿ ಮೀಟಲು ಬಾರದಾಯಿತು. ಒಂದು ದಿನ ಅವರು ಕಲ್ಮೇಶನನ್ನು ಕರೆದರು.

"ಈ ಬ್ಯಾಸಗಿಗೆ ನಮ್ಮ ಗುರುಗಳ ಆರಾಧನೆ ಐತಿ. ಆವತ್ತು ಕಡೆಯ ತಂತಿ ನೀ ಮೀಟು, ನಿನ್ನ ಗಿಟಾರಿನ ಮ್ಯಾಲೇ. ಫಕೀರವ್ವ 'ಸೇರ್ತು' ಅಂದ್ರ, ಮುಂದ ಆ ಸೇವಾ ನಿಂದು."

ಕಲ್ಮೇಶನ ಕಣ್ಣು ತುಂಬಿತು. ಇಷ್ಟು ದಿನ ಅವನು ಕಾದದ್ದು ಇದಕ್ಕೇ.

ಪರೀಕ್ಷೆ ಮುಗಿಯಿತು, ನಾನು ಪಾಸಾದೆ, ಎಂದುಕೊಂಡ. ಪಾಸಾದ ಮೇಲೂ ಅದೇ ಪರೀಕ್ಷೆಗೆ ಯಾರಾದರೂ ಕೂರುತ್ತಾರೆಯೇ? ಮರುದಿನದಿಂದ ಕೊಡ ಹೊರುವುದನ್ನು ಬಿಟ್ಟ. ಆದರೆ ಆ ಕಲ್ಲಿನ ಮೇಲೆ ಅವನಿಗೆ ನಿಜವಾದ ಭಕ್ತಿ ಹುಟ್ಟಿತ್ತು. ದಿನವೂ ಅದರ ಮೇಲೆ ಕಣಗಿಲೆ ಹೂವಿಟ್ಟು ಕೈಮುಗಿಯತೊಡಗಿದ.

ಅದೇ ಹೊತ್ತಿಗೆ ಮದುವೆ ಮನೆಗಳಿಗೆ ಸೌಂಡ್ ಹಾಕುವ ಭಕ್ತರೊಬ್ಬರು ಆಶ್ರಮಕ್ಕೆ ಒಂದು ಡಿಜಿಟಲ್ ಆಂಪ್ ಕೊಟ್ಟರು. ಗಿಟಾರಿನ ದನಿ ಹಿಗ್ಗಿಸುವ ಕರಿ ಪೆಟ್ಟಿಗೆ, ಅದಕ್ಕೊಂದು ಪುಟ್ಟ ಪರದೆ. ಗುಂಡಿ ತಿರುಗಿಸಿದರೆ ಗಿಟಾರಿನ ದನಿ ಗುಹೆಯೊಳಗಿನಿಂದ ಬಂದಂತೆ. ಇನ್ನೊಂದು ತಿರುಗಿಸಿದರೆ ಹೊಳೆಯ ಆಚೆ ದಂಡೆಯಿಂದ ಬಂದಂತೆ. ಕಲ್ಮೇಶ ಕೂತು ಕೂತು ಏಕತಾರಿಯಂಥದೇ ದನಿಯೊಂದನ್ನು ಕಟ್ಟಿ, ಆಂಪಿನ ನೆನಪಿನಲ್ಲಿ ಇರಿಸಿದ. ಕೇಳಿದ ಫಕೀರವ್ವ, "ಹೊಸಾ ಸೊಸಿ ಹಳೇ ಅತ್ತಿಗತೆ ಮಾತಾಡಾಕತ್ತಾಳಲ್ಲೋ!" ಎಂದು ಬಾಯ್ತುಂಬ ನಕ್ಕಳು.

ಬೇಸಿಗೆ ಏರಿತು. ಹೊಳೆ ಬತ್ತಿ, ನಡುವೆ ಒಂದು ಸೆಳವು ಉಳಿಯಿತು.

ಆಗ ಆಂಪಿನಲ್ಲಿ ಒಂದು ಸದ್ದು ಸೇರಿಕೊಂಡಿತು. ಗುಂಯ್ ಎಂದು, ಜೇನುಗೂಡಿನ ಸದ್ದು. ನುಡಿಸದಿದ್ದರೂ ಗುಂಯ್.

ಕಲ್ಮೇಶ ಕೇಬಲ್ ಬದಲಿಸಿದ. ದನಿ ಬದಲಿಸಲು ಕಾಲಲ್ಲಿ ಒತ್ತುವ ಪೆಡಲುಗಳನ್ನು ಒಂದೊಂದಾಗಿ ಕಿತ್ತು ನೋಡಿದ. ಮೊಬೈಲನ್ನು ದೂರ ಇಟ್ಟ. ಆಂಪಿನ ಸಾಫ್ಟ್‌ವೇರನ್ನೂ ಹೊಸದು ಮಾಡಿದ. ಸದ್ದು ಹೋಗಲಿಲ್ಲ.

ಒಂದು ವಿಚಿತ್ರ ಮಾತ್ರ ಕಂಡ. ತಂತಿಯ ಮೇಲೆ ಕೈ ಇಟ್ಟರೆ ಗುಂಯ್ ಕಡಿಮೆಯಾಗುತ್ತದೆ. ಕೈ ತೆಗೆದರೆ ಮತ್ತೆ ಎದ್ದು ಕೂರುತ್ತದೆ. ಕೈ ಇಟ್ಟಾಗ ಬೆರಳ ತುದಿಯಲ್ಲಿ ಇರುವೆ ಹರಿದಂತೆ ಜುಮ್ಮೆನ್ನುತ್ತದೆ.

ಇದು ಗುರುಕೃಪೆ, ಎಂದುಕೊಂಡ. ಎಂದುಕೊಂಡದ್ದನ್ನು ನಾಲ್ಕು ಜನರಿಗೆ ಹೇಳಿಯೂ ಹೇಳಿದ.

"ತಂತಿ ಮುಟ್ಟಿದ್ರ ಮೈ ಜುಮ್ಮಂತೈತಿ ಆಯಿ. ಕೃಪಾ ಇಳೀಲಿಕ್ಕತ್ತೈತಿ."

ಫಕೀರವ್ವ ಬೊಚ್ಚು ಬಾಯಲ್ಲಿ ಎಲೆ ಅಗಿಯುತ್ತ ಹೇಳಿದಳು: "ಕೃಪಾ ಆಗಿದ್ರ ನನಗೂ ಜುಮ್ಮನ್ನಬೇಕಿತ್ತಲ್ಲೋ ತಮ್ಮಾ. ನಿನಗೊಬ್ಬಗ ಯಾಕ?"

ಆರಾಧನೆಯ ದಿನ ಹತ್ತಿರ ಬಂತು. ಗುಂಯ್ ಹಾಗೇ ಇತ್ತು. ಕಡೆಗೆ ಕಲ್ಮೇಶ ಆಂಪಿನೊಳಗೆ ಗೇಟ್ ಎಂಬ ಏರ್ಪಾಡನ್ನು ಹುಡುಕಿದ. ದೊಡ್ಡ ದನಿ ಬಂದರೆ ಅದು ಬಾಗಿಲು ತೆಗೆಯುತ್ತದೆ; ಸಣ್ಣ ಸದ್ದು ಬಂದರೆ ಮುಚ್ಚುತ್ತದೆ. ಗುಂಯ್ ಪೂರ್ತಿ ಅಡಗುವ ತನಕ ಅದನ್ನು ಏರಿಸಿದ. ಆಂಪು ಮೂಕವಾಯಿತು.

ಓಡಿ ಹೋಗಿ ಅಜ್ಜನಿಗೆ ಹೇಳಿದ. "ಸದ್ದು ಹೋತ್ರಿ ಅಜ್ಜಾರ!"

"ಎಲ್ಲಿಗೆ ಹೋತು?"

"ಎಲ್ಲಿಗೂ ಇಲ್ರಿ. ಬಾಗಲಾ ಹಾಕೀನಿ."

"ಬಾಗಲಾ ಹಾಕಿದ್ರ ಕಳ್ಳ ಹೋದಂಗೇನೋ? ಒಳಗದಾನೋ ಹೊರಗದಾನೋ ನೋಡಿದಿಯೇನು?"

ಇದೂ ಒಂದು ಒಗಟು, ಎಂದು ಕಲ್ಮೇಶ ಭಕ್ತಿಯಿಂದ ತಲೆಬಾಗಿಸಿ ಹೊರಟುಹೋದ.

ಆರಾಧನೆಯ ಸಂಜೆ ಮಂದಿರ ತುಂಬಿತು. ಪೀಠದ ಮೇಲೆ ಹಿರಿಯ ಗುರುಗಳ ಮರದ ಪಾದುಕೆ. ಅದಕ್ಕೆ ಮಲ್ಲಿಗೆ, ವಿಭೂತಿ. ಆ ಪಾದುಕೆಯನ್ನು ಅಜ್ಜ ಕೂಡ ಬರಿಗೈಯಿಂದ ಮುಟ್ಟುತ್ತಿರಲಿಲ್ಲ. ಮಡಿವಸ್ತ್ರ ಹಿಡಿದೇ ಎತ್ತುತ್ತಿದ್ದರು.

ಪ್ರಾರ್ಥನೆ ಮುಗಿಯಿತು. ಎಲ್ಲರೂ ಉಸಿರು ಹಿಡಿದರು. ಕಲ್ಮೇಶ ಕಣ್ಣು ಮುಚ್ಚಿ ಕಡೆಯ ತಂತಿಯನ್ನು ಮೀಟಿದ.

ನಾದ ಎದ್ದಿತು. ತುಂಬಿತು. ಸಣ್ಣಗಾಗತೊಡಗಿತು. ಆಮೇಲೆ, ಎಳೆಯಾಗುವ ಹೊತ್ತಿಗೆ, ಕತ್ತರಿಯಿಂದ ಕಡಿದಂತೆ ನಿಂತುಬಿಟ್ಟಿತು.

ಫಕೀರವ್ವ ಬೆಚ್ಚಿಬಿದ್ದಳು. ಎರಡೂ ಕೈ ಮುಂದೆ ಚಾಚಿ ಗಾಳಿಯಲ್ಲಿ ತಡಕಿದಳು.

"ಎಲ್ಲಿ ಹೋತು? ಸೇರಲಿಲ್ಲ! ಯಾರೋ ಕುತಗಿ ಹಿಚುಕಿದ್ರಲ್ಲೋ ಯಪ್ಪಾ!"

ಮಂದಿರ ದಂಗಾಯಿತು. ಇಂಥ ಮಾತು ಅಲ್ಲಿ ಯಾರೂ ಕೇಳಿರಲಿಲ್ಲ. ಕಲ್ಮೇಶನ ಕಿವಿ ಕಾದ ಹಂಚಾಯಿತು. ಏನಾದರೂ ಹೇಳಬೇಕೆಂದು, ಎಡಗೈಯಲ್ಲಿ ಗಿಟಾರಿನ ತಂತಿಗಳನ್ನು ಹಿಡಿದೇ, ಪ್ರಾರ್ಥನೆಗೆಂದು ಎದುರಿಗೆ ನಿಲ್ಲಿಸಿದ್ದ ಮೈಕಿನತ್ತ ಬಾಗಿದ. ತುಟಿ ಮೈಕಿಗೆ ತಾಗಿತು.

ಕಣ್ಣೊಳಗೆ ಬಿಳಿ ಬೆಂಕಿ ಹೊಡೆಯಿತು.

ಹಲ್ಲು ಕಚ್ಚಿಕೊಂಡವು. ಕೈ ತಂತಿಗೆ ಬಿಗಿದುಹೋಯಿತು. ಬಿಡಬೇಕೆಂದರೂ ಕೈ ಅವನದಾಗಿರಲಿಲ್ಲ. ಕೂಗಬೇಕೆಂದರೂ ಗಂಟಲು ಅವನದಾಗಿರಲಿಲ್ಲ. ಮೈ ಗಡಗಡ ನಡುಗುತ್ತಿತ್ತು.

ಎದುರಿಗೆ ಜನ ಎದ್ದು ನಿಂತರು. "ಕೃಪಾ ಇಳೀತು! ಹರ ಹರ ಮಹಾದೇವ!" ಎಂದು ಅವನಿಗೆ ಕೈಮುಗಿದರು.

ತಾನು ಸಾಯುತ್ತಿರುವುದನ್ನು ಕಂಡು ಜನ ಕೈಮುಗಿಯುವುದನ್ನು ಕಲ್ಮೇಶ ನೋಡಿದ.

ಅಷ್ಟರಲ್ಲಿ ಅಜ್ಜ ಹಾರಿ ಎದ್ದರು. ಪೀಠದ ಮೇಲಿನ ಪಾದುಕೆಗೆ ಬರಿಗೈ ಹಾಕಿದರು. ಮಲ್ಲಿಗೆ ಚೆಲ್ಲಾಪಿಲ್ಲಿಯಾಯಿತು. ಓಡಿ ಬಂದು ಆ ಪಾದುಕೆಯಿಂದ ಕಲ್ಮೇಶನ ಮುಂಗೈಗೆ ಬಲವಾಗಿ ಹೊಡೆದರು. ಇನ್ನೊಂದು ಹೊಡೆತ ಮೈಕಿಗೆ. ಮೈಕು ಧಡಾರನೆ ಬಿತ್ತು. ಕಲ್ಮೇಶನೂ ಬಿದ್ದ.

"ಮೇನ್ ಸ್ವಿಚ್ ಆರಸ್ರೋ!" ಎಂದು ಕೂಗಿದರು.

ದೀಪಗಳು ಆರಿದವು. ಸಂಜೆಯ ಬೆಳಕಿನಲ್ಲಿ ಎಲ್ಲರೂ ಅಜ್ಜನ ಕೈಯಲ್ಲಿದ್ದ ಪಾದುಕೆಯನ್ನೇ ನೋಡಿದರು. ಇರುವೆಯನ್ನು ಬಳಸಿ ನಡೆಯುವ ಅಜ್ಜ ತುಂಬಿದ ಸಭೆಯಲ್ಲಿ ಶಿಷ್ಯನನ್ನು ಹೊಡೆದರು. ಅದೂ ಆರಾಧನೆಯ ದಿನ. ಅದೂ ಆ ಪಾದುಕೆಯಲ್ಲಿ.

ಕಲ್ಮೇಶನಿಗೆ ಉಸಿರು ಮರಳಿತು. ಉಸಿರಿಗಿಂತ ಮೊದಲು ಅಳು ಬಂತು. ಮುಂಗೈ ಉಬ್ಬಿತ್ತು. ನಾದ ಕಡಿದದ್ದಕ್ಕೆ ಇಷ್ಟು ದೊಡ್ಡ ಶಿಕ್ಷೆಯೇ?

ಅಜ್ಜ ಅವನ ಎದೆಯ ಮೇಲೆ ಅಂಗೈ ಇಟ್ಟು ನೋಡಿದರು.

"ನೀರು ತರ್ರಿ," ಎಂದರು.

ಯಾರೋ ಕೊಡ ತಂದರು. ಕಲ್ಮೇಶ ಕುಡಿಯಲು ಬೊಗಸೆ ಒಡ್ಡಿದ. ಅಜ್ಜ ಅವನ ಬೊಗಸೆಗೆ ಒಂದಿಷ್ಟು ಹನಿಸಿ, ಉಳಿದ ಕೊಡವನ್ನು ಎತ್ತಿಕೊಂಡು ಹೊರಗೆ ನಡೆದೇಬಿಟ್ಟರು. ಕಲ್ಮೇಶ ಗೋಡೆ ಹಿಡಿದುಕೊಂಡು ಹಿಂದೆ ಹೋದ.

ಮಂದಿರದ ಹಿಂದೆ, ಆ ಕಲ್ಲಿನ ಮುಂದೆ, ಅಜ್ಜ ಕೊಡ ಹಿಡಿದು ನಿಂತಿದ್ದರು. ಸುತ್ತಲಿನ ಮಣ್ಣು ಬಿರುಕು ಬಿಟ್ಟಿತ್ತು. ಕಲ್ಲಿನ ಮೇಲೆ ಕಣಗಿಲೆ ಹೂಗಳ ಗುಪ್ಪೆ. ಕೆಲವು ಒಣಗಿದ್ದವು, ಒಂದು ಆ ದಿನದ್ದು.

"ಇದೇನೋ ಇದು?"

"ಹೂವ್ರಿ ಅಜ್ಜಾರ. ದಿನಾ ಇಟ್ಟೀನಿ. ಒಂದಿನಾನೂ ತಪ್ಪಿಸಿಲ್ಲ."

"ನೀರು?"

ಕಲ್ಮೇಶ ತಲೆ ತಗ್ಗಿಸಿದ. "ಪರೀಕ್ಷಾ ಮುಗೀತು ಅಂತ ಬಿಟ್ಟೆ."

"ಯಾವ ಪರೀಕ್ಷಾ?"

"ನೀವು ಮಾಡಿದ್ದು. ಅಹಂಕಾರದ್ದು."

ಅಜ್ಜ ಬಾಯಿ ತೆರೆದವರು ತೆರೆದೇ ನಿಂತರು. ಅವರು ಅಷ್ಟು ಬೆರಗಾದದ್ದನ್ನು ಕಲ್ಮೇಶ ಎಂದೂ ಕಂಡಿರಲಿಲ್ಲ.

"ಅಯ್ಯೋ ಹುಚ್ಚಪ್ಪಾ! ಇದು ಅರ್ತಿಂಗ್ ಕುಣಿ! ಇದ್ದಲಿ, ಉಪ್ಪು ತುಂಬಿ, ತಾಮ್ರ ಹುಗದಾರ ಇದರೊಳಗ. ಮಂದಿರದ ಕರೆಂಟು ತಪ್ಪಿದ್ರ ಭೂಮಿಗೆ ಇಳಿಯೂ ದಾರಿ ಇದು. ಒಣಗಿದ್ರ ದಾರಿ ಬಂದ್!"

ಕಲ್ಮೇಶ ಕುಳಿತು ಆ ಬಿರುಕು ಮಣ್ಣನ್ನು ಮುಟ್ಟಿ ನೋಡಿದ.

"ಆರ್ಕೆಸ್ಟ್ರಾದಾಗ ವೈರಿನ ಕೂಡನೇ ಬೆಳದಾಂವ, ನಿನಗ ತಿಳಿದೈತಿ ಅಂತ ನಾ ಸುಮ್ಮನಿದ್ದೆ," ಎಂದರು ಅಜ್ಜ. ದನಿ ಇಳಿದಿತ್ತು. "ಹೇಳಬೇಕಿತ್ತು. ಹೇಳಲಿಲ್ಲ."

"ಹಂಗಾರ... ಪಾದುಕಿಲೆ ಹೊಡದದ್ದು?"

"ಕೈಗೆ ಸಿಗೂವಂಥಾ ಒಣಾ ಕಟ್ಟಿಗಿ ಅದೊಂದೇ ಇತ್ತು."

"ಮೈಲಿಗಿ ಆಗಲಿಲ್ಲೇನ್ರಿ?"

"ನಮ್ಮ ಗುರುಗಳು ಆ ಪಾದುಕಿ ಮೆಟ್ಟಿ ಹತ್ತೂರು ತಿರುಗಿದ್ದು ಯಾಕ ಅಂತ ಮಾಡೀಯೋ? ಕುಂತು ಹೂವು ಏರಿಸ್ಕೊಳ್ಳಾಕಲ್ಲ."

ಕಲ್ಮೇಶ ಉಬ್ಬಿದ ಮುಂಗೈ ಸವರಿಕೊಂಡ. ಆಮೇಲೆ ಕೇಳಿದ.

"ಆ ಗುಂಯ್..."

"ಅದು ಹೇಳಾಕತ್ತಿತ್ತು. ನೀ ಬಾಯಿ ಮುಚ್ಚಿಸಿದಿ."

ಮರುದಿನ ಮುಂಜಾನೆ ಊರಿನಿಂದ ಎಲೆಕ್ಟ್ರಿಷಿಯನ್ ಬಂದ. ಮೈಕಿನ ಪೆಟ್ಟಿಗೆಯ ವೈರನ್ನು ಒಳಗೆ ಇಲಿ ಕಡಿದಿತ್ತು; ಅಲ್ಲಿ ತಪ್ಪಿದ ಕರೆಂಟು ಒಣ ಕುಣಿಗೆ ಇಳಿಯಲಾಗದೆ ಕಲ್ಮೇಶನ ಮೈ ಹಿಡಿದಿತ್ತು. ಅದನ್ನು ಬದಲಿಸಿದ. ಅವನು ಬರುವ ಮೊದಲೇ ಕಲ್ಮೇಶ ಒಂದೇ ಕೈಯಲ್ಲಿ, ಬತ್ತಿದ ಹೊಳೆಯ ಸೆಳವಿನಿಂದ, ಕೊಡದ ಮೇಲೆ ಕೊಡ ತಂದು ಹಾಕಿದ್ದ. ಮಣ್ಣು ಗಟಗಟ ಕುಡಿದಿತ್ತು. ಎಲೆಕ್ಟ್ರಿಷಿಯನ್ ಒಂದೊಂದಕ್ಕೂ ಟೆಸ್ಟರ್ ಹಚ್ಚಿ ನೋಡಿ, "ಇನ್ನ ಅಂಜಿಕಿಲ್ರಿ," ಎಂದು ಹೇಳಿಹೋದ.

ಮಂದಿರದಲ್ಲಿ ಮೂವರೇ ಇದ್ದರು. ಅಜ್ಜ, ಕಲ್ಮೇಶ, ಫಕೀರವ್ವ.

"ಬಾಗಲಾ ತಗಿ," ಎಂದರು ಅಜ್ಜ.

ಕಲ್ಮೇಶ ಆಂಪಿನ ಗೇಟನ್ನು ಸೊನ್ನೆಗೆ ಇಳಿಸಿದ. ಕಿವಿಯೊಡ್ಡಿದ. ಗುಂಯ್ ಇರಲಿಲ್ಲ. ಹೊರಗೆ ಹೊಳೆಯ ಸೆಳವು ಕಲ್ಲುಗಳ ನಡುವೆ ಹರಿಯುವುದು ಕೇಳುತ್ತಿತ್ತು.

ತಂತಿಯ ಹತ್ತಿರ ಒಯ್ದ ಬೆರಳು ಹಿಂದೆ ಸರಿಯಿತು. ಅಜ್ಜ ತಾವೇ ಮೊದಲು ತಮ್ಮ ಸೊಟ್ಟ ಬೆರಳನ್ನು ತಂತಿಯ ಮೇಲೆ ಇಟ್ಟರು. ಏನೂ ಜುಮ್ಮೆನ್ನಲಿಲ್ಲ. ಬೆರಳು ತೆಗೆದು, ಹೋಗಿ ಫಕೀರವ್ವನ ಪಕ್ಕದಲ್ಲಿ, ಕೇಳುವವರ ಸಾಲಿನಲ್ಲಿ ಕೂತರು.

ಕಲ್ಮೇಶ ಮೀಟಿದ.

ನಾದ ಎದ್ದಿತು. ಸಣ್ಣಗಾಯಿತು. ಎಳೆಯಾಯಿತು. ಕಲ್ಮೇಶನ ಕಿವಿಗೆ ಅದು ಮುಗಿಯಿತು. ಅಜ್ಜ ಇನ್ನೂ ಕಣ್ಣು ಮುಚ್ಚಿಯೇ ಇದ್ದರು. ಆಮೇಲೆ ಅವರೂ ತೆರೆದರು. ಫಕೀರವ್ವ ತಲೆ ವಾಲಿಸಿ, ದೂರ ಹೋಗುತ್ತಿರುವ ಯಾರನ್ನೋ ಬೀಳ್ಕೊಡುವವಳಂತೆ, ಕೂತೇ ಇದ್ದಳು.

"ಸೇರ್ತು," ಎಂದಳು.

ಮೂವರೂ ನೆಲಕ್ಕೆ ಹಣೆ ಹಚ್ಚಿದರು.

ಕಲ್ಮೇಶ ಎದ್ದು ಮಂದಿರದ ಹಿಂದೆ ಹೋದ. ಕಲ್ಲಿನ ಮೇಲಿನ ಒಣ ಹೂಗಳನ್ನು ನಾಚಿಕೆಯಿಂದ ಬಾಚಿ ತೆಗೆಯತೊಡಗಿದ. ಅಜ್ಜ ಬಂದು ಪಕ್ಕದಲ್ಲಿ ನಿಂತರು.

"ಇನ್ನ ಮ್ಯಾಲೆ ಇಲ್ಲಿ ಹೂವು ಇಡೂದಿಲ್ರಿ ಅಜ್ಜಾರ."

ಅಜ್ಜ ಬಗ್ಗಿ, ಕೆಳಗೆ ಬಿದ್ದಿದ್ದ ಕಣಗಿಲೆಯೊಂದನ್ನು ಎತ್ತಿ ಅವನ ಅಂಗೈಯಲ್ಲಿ ಇಟ್ಟರು.

"ಇಡು. ನೀರು ಹಾಕಿದ ಮ್ಯಾಲೆ ಇಡು."

ಕೇಳಿದ ಎಲ್ಲ ಕಿವಿಗಳಿಗೂ ಶಿವನು ತಂಪೆರೆಯಲಿ. ನಿಮ್ಮ ನಿಮ್ಮ ಕಡೆಯ ತಂತಿ ಕಡಿಯದೆ ಸೇರಲಿ.