ಕಡಿವಾಣದ ರುಚಿ

ಪಾಳೆಯಗಾರ ನಾಯಕರ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಮುದ್ದೀರನಿಗೆ ಒಂದು ಅಭ್ಯಾಸವಿತ್ತು. ಬೇಯಿಸಿದ ಹುರುಳಿಯನ್ನು ತಾನು ಮೊದಲು ನಾಲ್ಕು ಕಾಳು ಅಗಿದು ನೋಡದೆ ಕುದುರೆಗೆ ಇಡುತ್ತಿರಲಿಲ್ಲ. ಬಿಸಿಯಿದ್ದರೆ ಆರಿಸುತ್ತಿದ್ದ, ಕಲ್ಲು ಸಿಕ್ಕರೆ ಹೆಕ್ಕುತ್ತಿದ್ದ.

ಅವನು ಪಳಗಿಸಿದ ಬೂದಿ ಎಂಬ ಹೆಣ್ಣುಕುದುರೆಯ ಬಾಯಿಗೆ ಕಡಿವಾಣವೇ ಇರಲಿಲ್ಲ. ಮೂತಿಗೊಂದು ನೂಲಿನ ಹಗ್ಗ ಸುತ್ತಿದರೆ ಸಾಕು, ಮುದ್ದೀರ ಮೈ ವಾಲಿಸಿದತ್ತ ತಿರುಗುತ್ತಿತ್ತು. ಹೊಸ ದಳವಾಯಿ ಭರಮಣ್ಣನಿಗೆ ಇದು ಸರಿಬೀಳಲಿಲ್ಲ. ನಾಯಕರ ಎದುರಿಗೇ ಮುಳ್ಳಿನ ಕಡಿವಾಣವೊಂದನ್ನು ತಂದು ಎಸೆದ.

"ಇದನ್ನು ಅದರ ಬಾಯಿಗೆ ಹಾಕು. ಇಲ್ಲವೇ ಲಾಯ ಬಿಟ್ಟು ನಡಿ."

ಮುದ್ದೀರ ಕಡಿವಾಣವನ್ನು ತೊಳೆದು, ಒರೆಸಿ, ಎರಡೂ ಕೈಯಲ್ಲಿ ದಳವಾಯಿಯ ಮುಂದೆಯೇ ಹಿಡಿದ. "ಆಗಲಿ ಬುದ್ಧಿ. ನಾಯಕರ ಊಟವನ್ನು ಬಡಿಸುವವರೇ ಮೊದಲು ರುಚಿ ನೋಡ್ತಾರಲ್ಲ, ನಮ್ಮ ಲಾಯದಲ್ಲೂ ಅದೇ ಪದ್ಧತಿ. ಹುರುಳಿ ಕೊಡೋನು ನಾನು, ನಾನು ಅಗಿದು ನೋಡ್ತೀನಿ. ಇದನ್ನು ಕೊಡ್ತಿರೋರು ತಾವು."

ನಾಯಕರು ಮೀಸೆಯಲ್ಲೇ ನಕ್ಕರು. "ಪದ್ಧತಿ ಅಂದಮೇಲೆ ಮುಗೀತಲ್ಲ, ದಳವಾಯಿ."

ನಾಯಕರ ಮಾತು ಮೀರಲಾಗದೆ ಭರಮಣ್ಣ ಕಡಿವಾಣವನ್ನು ಬಾಯಿಗಿಟ್ಟು ಕಚ್ಚಿದ. ಮುಳ್ಳು ನಾಲಿಗೆಗೆ ತಾಗಿತು, ಜೊಲ್ಲು ಗಡ್ಡಕ್ಕಿಳಿಯಿತು. ಬೈಯಲು ಹೋದರೆ ಬರೀ ತೊದಲು ಬಂತು.

"ಸ್ವಲ್ಪ ತಡೀರಿ ಬುದ್ಧಿ, ಇನ್ನೂ ಲಗಾಮು ಎಳೆದಿಲ್ಲ" ಎಂದ ಮುದ್ದೀರ, ಬಲು ವಿನಯದಿಂದ.

ದಳವಾಯಿ ಕಡಿವಾಣವನ್ನು ಉಗುಳಿದ. ಮುದ್ದೀರ ಬರೀ ಹಗ್ಗದಲ್ಲೇ ಬೂದಿಯನ್ನೇರಿ ಅಂಗಳ ಸುತ್ತಿ ಬಂದು, ಇಳಿದು, ಹುರುಳಿ ಬುಟ್ಟಿ ಇಟ್ಟ. ಎಲ್ಲೂ ಒಂದು ಜಗ್ಗಾಟವಿಲ್ಲ. ಭರಮಣ್ಣ ಕಣ್ಣು ಕೀಳದೆ ನೋಡುತ್ತಿದ್ದ.

"ನಾನೂ ಒಮ್ಮೆ ಹತ್ತಲೇನೋ?" ಅವನ ದನಿ ತಗ್ಗಿತ್ತು.

"ನನ್ನನ್ನೇನು ಕೇಳ್ತೀರಿ ಬುದ್ಧಿ, ಹೊರೋಳು ಅವಳು."

ದಳವಾಯಿ ಬೂದಿಯ ಕಿವಿಯ ಬಳಿ ಬಾಗಿ, ಮೆಲ್ಲಗೆ ಕೇಳಿದ. ಬೂದಿ ಬುಟ್ಟಿಯೊಳಗೆ ಮೂತಿಯಿಟ್ಟು ಹುರುಳಿ ಅಗಿಯುತ್ತಲೇ ಇತ್ತು.